ಹೊಳೆದಂಡೆಯ ಮೋಟಾರಿನ ಭೀಮಸಿ

ಉಗಾರ ಬುದ್ರುಕದ ಹೊಳೆದಂಡೆಯಲ್ಲಿ ನಲವತ್ತು ರೈತರ ಕಬ್ಬಿಗೆ ಪಾಳಿಯ ಪ್ರಕಾರ ನೀರು ಬಿಡುವವನು ಭೀಮಸಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮನುಷ್ಯ ಮಹಾ ಸುಖಿ. ಎರಡು ಹೊತ್ತು ಚಹಾ, ಚಿಟಿಕೆ ತಂಬಾಕು, ಮೋಟಾರು ಕೈಕೊಡದೆ ತಿರುಗುತ್ತಿದ್ದರೆ ಮುಗಿಯಿತು, ಅವನಿಗೆ ಬೇರೇನೂ ಬೇಡ.

ಹೋದ ವರ್ಷ ಇದೇ ದಂಡೆಯಲ್ಲಿ ನಾಲ್ಕು ಹುಡುಗರು ಮೋಟಾರಿನ ಕೇಬಲ್ ಕದ್ದು, ತಾಮ್ರ ಮಾರಲು ಹೋಗಿ ಸಿಕ್ಕಿಬಿದ್ದರು. ಅವರಲ್ಲಿ ಹದಿನೇಳರ ಸಂಗ್ರಾಮನೂ ಒಬ್ಬ. ಅಂದಿನಿಂದ ಊರಿಗೆಲ್ಲ ಅವನು ಕೇಬಲ್ ಸಂಗ್ಯಾ. ರಕ್ತವೇ ಕೆಟ್ಟದ್ದು ಅಂದರು, ತಂದೆಯಿಲ್ಲದ ಕೂಸು ಅಂದರು, ಮೊಬೈಲು ಕೆಡಿಸಿತು ಅಂದರು. ಬಾಯಿಗೇನು, ಬಂದಷ್ಟು ಅಂದರು. ಭೀಮಸಿಗೆ ರೇಗಿಹೋಯಿತು.

“ಶಾಲಿ ಬಿಟ್ಟು ಎರಡ ವರ್ಷ ಆತು. ಒಬ್ಬರರೆ ಕೆಲಸಕ್ಕ ಕರದೀರೇನ್ರಿ? ದಿನಾ ಕಟ್ಟಿ ಮ್ಯಾಲ ಕುಂತ್ರ ಕಟ್ಟಿ ಮ್ಯಾಲಿನವರ ಹಂಗ ಆಗ್ತಾನ. ದಿನಾ ಕಳ್ಳ ಅಂದ್ರ ಕಳ್ಳನ ಆಗ್ತಾನ” ಎಂದು ನೀರಿನ ಸಂಘದ ಅಧ್ಯಕ್ಷ ಕಾಕಾಸಾಹೇಬರ ಎದುರು ಜಗಳಾಡಿ, ಹುಡುಗನನ್ನು ಜೊತೆಗೆ ಇಟ್ಟುಕೊಂಡ.

“ಏನರೆ ಹೋತಂದ್ರ ನಿನ್ನ ಕೆಲಸಾನೂ ಹೋತು” ಎಂದರು ಕಾಕಾಸಾಹೇಬರು.

ಈ ಶ್ರಾವಣದಲ್ಲಿ ಭೀಮಸಿ ಕೊಕಟನೂರಿನ ಎಲ್ಲಮ್ಮನಿಗೆ ಹೋಗಿದ್ದ. ಫೋನನ್ನು ಮನೆಯಲ್ಲೇ ಮರೆತಿದ್ದ. ಮರುದಿನ ಬೆಳಗಿನ ಬಸ್ಸಿಳಿದು ದಂಡೆಗೆ ಬಂದರೆ ಮಂದಿಯೋ ಮಂದಿ. ಮೋಟಾರಿಲ್ಲ, ಕೇಬಲ್ಲೂ ಇಲ್ಲ.

“ನೋಡಪಾ, ನಿನ್ನ ಸಂಭಾವಿತನ ಪ್ರತಾಪ. ಪೊಲೀಸರಿಗೆ ಫೋನ್ ಹಚ್ಚಾಕತ್ತೀನಿ” ಎಂದರು ಕಾಕಾಸಾಹೇಬರು.

ಅಷ್ಟರಲ್ಲಿ ಮೇಲಿನ ಹೊಲದ ದಾರಿಯಿಂದ ಸಂಗ್ರಾಮ ಬಂದ, ಮೊಣಕಾಲತನಕ ಕೆಸರು. ಭೀಮಸಿಯ ಬಾಯಿ ಜಾರಿಯೇ ಬಿಟ್ಟಿತು: “ನೀನ ಒಯ್ದೇನಲೇ?”

“ಹೌದ್ರಿ ಮಾಮಾ. ಮ್ಯಾಲಿಂದ ಡ್ಯಾಮಿನ ನೀರು ಬಿಟ್ಟಾರಂತ, ಮಧ್ಯಾಹ್ನಕ್ಕ ಇಲ್ಲಿ ಬರ್ತೈತಿ. ರಾತ್ರಿ ಅಧ್ಯಕ್ಷರಿಗೆ ಎಂಟ ಸಲ ಫೋನ್ ಹಚ್ಚಿದೆ, ಎತ್ತಲಿಲ್ಲ. ಟ್ರ್ಯಾಕ್ಟರ್ ತಂದು ಎಲ್ಲಾ ಮ್ಯಾಲಿನ ಹೊಲದಾಗ ಇಟ್ಟೀವಿ.”

ಇಟ್ಟೀವಿ ಅಂದರೆ ಹೋದ ವರ್ಷದ ಆ ಮೂವರೂ ಜೊತೆಗಿದ್ದರು. ಕೇಬಲ್ ಬಿಚ್ಚುವುದರಲ್ಲಿ ಅವರಷ್ಟು ಚುರುಕು ಊರಲ್ಲಿ ಇನ್ಯಾರಿದ್ದಾರೆ ಹೇಳಿ.

ಮಧ್ಯಾಹ್ನದ ಹೊತ್ತಿಗೆ ಮೋಟಾರಿನ ಕಟ್ಟೆ ನೀರಿನಡಿ ಹೋಯಿತು. ಕಾಕಾಸಾಹೇಬರು ನಾಲ್ವರಿಗೂ ಚಹಾ ತರಿಸಿದರು. ಭೀಮಸಿಗೆ ಹೊಟ್ಟೆ ತುಂಬ ಸಂತೋಷ. ಆದರೂ ತಾನಾಡಿದ ಮಾತು ಒಳಗೇ ಚುಚ್ಚುತ್ತಿತ್ತು. ಹುಡುಗನ ಪಕ್ಕ ಹೋಗಿ ಕುಳಿತ.

“ನಾನೂ ನಿನ್ನ ಮ್ಯಾಲ ಸಂಶೆ ಪಟ್ಟೆಪಾ. ತಪ್ಪಾತು.”

“ನೀವರೆ ಕೇಳಿದ್ರಿ ಮಾಮಾ” ಎಂದ ಸಂಗ್ರಾಮ. “ಉಳದವರು ಯಾರೂ ಕೇಳಲಿಲ್ಲ.”