ಮಗ್ಗದ ಕುಣಿಯಲ್ಲಿ ಬೆಳೆದ ಹರಳು

ಬಣ್ಣಕ್ಕೆ ಪಂಜರ ಮಾಡುವ ಮೇಡಂ ಒಬ್ಬರು ಬಾಡಿಗೆ ಖೋಲಿ ಹುಡುಕುತ್ತಿದ್ದಾರೆಂದು ಓಣಿಯ ಹನಮಪ್ಪ ಬಂದು ಹೇಳಿದ ದಿನ, ಇಳಕಲ್ಲಿನ ಮುದುಕಿ ಶಮಶಾದಬಿ ಮಗ್ಗದ ಮೇಲೆ ಸೆರಗು ಜೋಡಿಸುತ್ತ ಕುಳಿತಿದ್ದಳು.

"ಗಿಳಿ ಹಾರಿ ಹೋಗೂದು ನೋಡೇನಿ. ಬಣ್ಣ ಎಲ್ಲಿಗೆ ಹಾರತೈತಿ ಹನಮಪ್ಪಾ?" ಎಂದಳು.

ಬಂದವಳು ಹುನಗುಂದದ ಜರೀನಾ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತಾನು ಓದುವುದು ಸುಪ್ರಾಮಾಲಿಕ್ಯುಲರ್ ಆರ್ಗನೊಮೆಟಾಲಿಕ್ ಕೆಮಿಸ್ಟ್ರಿ ಎಂದಾಗ ಮುದುಕಿ, "ಅಷ್ಟುದ್ದ ಹೆಸರ ಹೇಳಿ ಮುಗಸೂದ್ರಾಗ ಒಲಿ ಮ್ಯಾಲಿನ ಚಹಾ ಉಕ್ಕತೈತಿ, ನೋಡ್ಕೊ" ಎಂದಳು. ಉಕ್ಕಿಯೇ ಬಿಟ್ಟಿತು. ಹನಿಹನಿ ಅಳೆದು ಔಷಧಿ ಬೆರೆಸುವ ಹುಡುಗಿಯ ಚಹಾ ಆ ಮನೆಯಲ್ಲಿದ್ದಷ್ಟು ದಿನವೂ ಉಕ್ಕುತ್ತಲೇ ಇತ್ತು.

ಒಂದು ಸಂಜೆ ಜರೀನಾ ತನ್ನ ಕೆಲಸವನ್ನು ಬಿಡಿಸಿ ಹೇಳಿದಳು. ಲೋಹದ ಮೂಲೆ, ಇಂಗಾಲದ ಕಡ್ಡಿ. ನೀರಿಗೆ ಬಿಟ್ಟರೆ ತಾವೇ ಕೂಡಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಪಂಜರವಾಗುತ್ತವೆ. ಬಣ್ಣ ಹಾಕುವ ಮನೆಗಳಿಂದ ಚರಂಡಿಗೆ ಹರಿಯುವ ನೀರಿನ ಬಣ್ಣ ಅದರೊಳಗೆ ಹೋಗಿ ಕೂತುಬಿಡುತ್ತದೆ.

"ಕೂಡಸಾಕ ಅಂಟ ಯಾವುದ ಹಚ್ತೀ?"

"ಅಂಟೂ ಇಲ್ಲ, ಗಂಟೂ ಇಲ್ರಿ ಖಾಲಾ. ನಿಮ್ಮ ಕೊಂಡಿ ಇದ್ದಂಗ."

ಕೊಂಡಿ ಎಂದರೆ ಸೀರೆಯ ಮೈಯ ಎಳೆಯನ್ನೂ ಸೆರಗಿನ ಎಳೆಯನ್ನೂ ಕುಣಿಕೆಯೊಳಗೆ ಕುಣಿಕೆ ತೂರಿಸಿ ಸೇರಿಸುವ ಕೆಲಸ. "ನಾವೂ ಅದನ್ನ ಮಾಡ್ತೀವಿ. ನಮಗ್ಯಾಕ ಯಾರೂ ಡಾಕ್ಟರ್ ಅನ್ನವಲ್ರು?" ಎಂದು ಶಮಶಾದಬಿ ಕೆಣಕಿದಳು.

ಪಿಎಚ್‌.ಡಿ. ಮುಗಿಯದ ಜರೀನಾಳಿಗೂ ಇನ್ನೂ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಪಂಜರ ಖರೆ ಇದೆಯೆಂದು ತೋರಿಸಲು ಸಕ್ಕರೆ ಕಾಳಿನಷ್ಟಾದರೂ ಒಂದು ಹರಳು ಬೆಳೆಯಬೇಕಿತ್ತು. ಬೆಳೆದರೆ ಧಾರವಾಡದ ವಿಶ್ವವಿದ್ಯಾಲಯದ ಎಕ್ಸ್‌ರೇ ಯಂತ್ರ ಅದರ ಒಳಗನ್ನು ತೋರಿಸುತ್ತಿತ್ತು. ಇಲ್ಲದಿದ್ದರೆ ಅವಳ ವರ್ಷಗಟ್ಟಲೆಯ ದುಡಿಮೆ ಬರೀ ಬಾಯಿಮಾತು. ಕಾಲೇಜಿನ ಪಕ್ಕದ ಪವರ್‌ಲೂಮ್ ನೆಲ ನಡುಗಿಸುತ್ತಿದ್ದುದರಿಂದ ಹರಳು ಕಟ್ಟಲು ಬಿಟ್ಟ ಕೆಂಪು ನೀರಿನ ಸೀಸೆಯನ್ನು ಮನೆಗೆ ತಂದು ಹಿಂದಿನ ಖೋಲಿಯ ಗೂಡಿನಲ್ಲಿಟ್ಟಳು. "ಯಾರೂ ಮುಟ್ಟಬಾರ್ದು ನೋಡ್ರಿ" ಎಂದು ಹೇಳಿ ತಂಗಿಯ ಮದುವೆಗೆ ಊರಿಗೆ ಹೋದಳು.

ಶಮಶಾದಬಿ ಆ ಗೂಡಿನ ಹತ್ತಿರ ಬೆಕ್ಕನ್ನೂ ಸುಳಿಯಗೊಡಲಿಲ್ಲ. ಆದರೆ ಸೀಸೆಯ ತಳದಲ್ಲಿ ಬಣ್ಣ ಕೂರುತ್ತಿರುವುದು ಕಣ್ಣಿಗೆ ಬಿತ್ತು. ಬಣ್ಣದ ಹಂಡೆಯಲ್ಲಿ ನೂಲನ್ನು ತಿರುವುತ್ತಿರದಿದ್ದರೆ ಒಂದು ಕಡೆ ದಟ್ಟ, ಒಂದು ಕಡೆ ಮಾಸಲು ಆಗುತ್ತದೆಂದು ಚಿಕ್ಕಂದಿನಿಂದ ಕಂಡ ಜೀವ. ಪಾಪ, ಹುಡುಗಿಯ ಬಣ್ಣ ಕೆಟ್ಟೀತೆಂದು ದಿನಾ ನಮಾಜು ಮುಗಿಸಿ ಸೀಸೆಯನ್ನು ಚೆನ್ನಾಗಿ ಅಲುಗಾಡಿಸಿದಳು.

ಜರೀನಾ ಬಂದು ನೋಡಿದರೆ ಒಳಗೆ ಇಟ್ಟಂಗಿ ಪುಡಿಯಂಥ ರಾಡಿ.

"ಖಾಲಾ, ಇದನ್ನ ಯಾರರ ಮುಟ್ಟಿದ್ರೇನ್ರಿ?"

"ಯಾರಿಗೆ ಮುಟ್ಟಗೊಡ್ತೇನಿ? ನಾ ಒಬ್ಬಾಕಿನ ದಿನಾ ಅಳ್ಳಾಡಿಸಿ ಇಟ್ಟೇನಿ."

ಜರೀನಾ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಅಳುತ್ತಾಳೋ ನಗುತ್ತಾಳೋ ತಿಳಿಯದೆ ಶಮಶಾದಬಿ ತಾನೇ ಚಹಾಕ್ಕೆ ಇಟ್ಟಳು. ಅಲುಗಾಡದೆ ತಣ್ಣಗಿದ್ದರೆ ಮಾತ್ರ ಹರಳು ಕಟ್ಟುತ್ತದೆಂದು ಜರೀನಾ ಹೇಳಿದ ಮೇಲೆ ಮುದುಕಿ ಮಗ್ಗದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ, "ಮಗ್ಗದಾಗ ಕಾಲ ಇಳಿಬಿಡೂ ಕುಣಿ ತಂಪೈತಿ, ಅಲ್ಲಿಡು. ಮಗ್ಗ ನಿಲ್ಲಸ್ತೇನಿ. ನನ್ನ ಮೊಣಕಾಲೂ ಭಾಳ ದಿನದಿಂದ ರಜಾ ಕೇಳಾಕತ್ತಾವು" ಎಂದಳು.

ಜರೀನಾ ಹೊಸದಾಗಿ ಎರಡು ಸೀಸೆ ಬೆರೆಸಿ ತಂದು ಕುಣಿಯಲ್ಲಿಟ್ಟಳು. ಮಗ್ಗದ ಸದ್ದಿಲ್ಲದ್ದನ್ನು ಕಂಡು, ಯಾರಿಗೆ ಆರಾಮಿಲ್ಲವೆಂದು ಓಣಿಯವರು ಕೇಳಿಕೊಂಡು ಬಂದರು. "ಸೀಸೆ ಬಸರೈತಿ, ಸದ್ದ ಮಾಡಬ್ಯಾಡ್ರಿ" ಎಂದು ಮುದುಕಿ ಎಲ್ಲರನ್ನೂ ಬಾಗಿಲಿಂದಲೇ ಸಾಗಹಾಕಿದಳು.

ಹರಳು ಬೆಳೆಯಿತು, ದಾಳಿಂಬೆ ಬಣ್ಣದ್ದು. ಜರೀನಾ ಅದನ್ನು ಓಢಣಿಯ ತುದಿಯಲ್ಲಿ ಸುತ್ತಿಕೊಂಡು ಧಾರವಾಡದ ಬಸ್ಸಿಗೆ ಹೊರಟಳು. ಓಣಿಯ ತಿರುವಿನತನಕ ಹೋದವಳು ಮತ್ತೆ ತಿರುಗಿ ಬಂದು, ಕುಣಿಯಲ್ಲಿ ಉಳಿದಿದ್ದ ಇನ್ನೊಂದು ಸೀಸೆಯ ಕಡೆ ನೋಡಿ, ಶಮಶಾದಬಿಯ ಎರಡೂ ಕೈ ಹಿಡಿದುಕೊಂಡಳು.

"ಖಾಲಾ, ನಾ ಬರೂತನಕ ಇದಕ್ಕ ಏನೂ ಉಪಕಾರ ಮಾಡಬ್ಯಾಡ್ರಿ."