ನೆರಳಲ್ಲಿ ಬಾಡಿದ ಕೇಪಳ

ಈ ಬೆಳಿಗ್ಗೆ ತೆಂಗಿನೆಣ್ಣೆಗೆ ಕೇಪಳದ ಕೆಂಪು ಹೂ ಹಾಕಿ ಕಾಯಿಸುವಾಗ ಎದ್ದ ಪರಿಮಳಕ್ಕೆ ಪರ್ಕಳದ ನಮ್ಮ ಹಳೆಯ ಅಡುಗೆಮನೆ ಕಣ್ಣೆದುರು ಬಂತು.

ಹಸುಗೂಸುಗಳ ಮೈಯ ಬೊಕ್ಕೆ, ತುರಿಕೆಗೆಂದು ಅಮ್ಮ ಈ ಎಣ್ಣೆ ಮಾಡುತ್ತಿದ್ದಳು. ಅಪ್ಪನ ಅಕ್ಕ, ಕಾರ್ಕಳದ ಅತ್ತೆ, ಅದನ್ನು ಬಾಟಲಿಗಟ್ಟಲೆ ಒಯ್ದು ತಾನೇ ಮಾಡಿದ್ದೆಂದು ಹಂಚುತ್ತಿದ್ದಳು. ಒಂದು ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲರೆದುರು ಅಮ್ಮನತ್ತ ಕೈ ತೋರಿಸಿ, "ಇವಳಿಗೆ ಎಂತ ಗೊತ್ತುಂಟು? ನಾನೇ ಕಲಿಸಿದ್ದು" ಎಂದುಬಿಟ್ಟಳು.

ಆಮೇಲೊಮ್ಮೆ ಅತ್ತೆ ಎಣ್ಣೆ ಮಾಡುವ ಕ್ರಮವನ್ನು ಮೆಲ್ಲಗೆ ಕೇಳಿದಳು.

"ಹೂ ತೊಳೆದು ಎಣ್ಣೆಗೆ ಹಾಕಿ ಕಾಯಿಸುವುದು, ಅಷ್ಟೇ ಅತ್ತಿಗೆ" ಎಂದು ಅಮ್ಮ ನಕ್ಕಳು. ತೊಳೆದ ಹೂವನ್ನು ನೆರಳಲ್ಲಿ ಬಾಡಿಸಿ ನೀರಾರಿಸಬೇಕೆಂದು ಹೇಳಲೇ ಇಲ್ಲ.

ಇನ್ನೊಂದು ಮಗುವಿನ ತೊಟ್ಟಿಲಿಗೆ ಅತ್ತೆ ಜಂಬದಿಂದ ತನ್ನ ಬಾಟಲಿಯ ಮುಚ್ಚಳ ತೆಗೆದಳು. ಕಮಟು ವಾಸನೆಗೆ ಬಾಣಂತಿಯೇ ಮೂಗು ಮುಚ್ಚಿಕೊಂಡಳು. ಅಮ್ಮ ಸೆರಗಿನಡಿಯಿಂದ ತನ್ನ ಬಾಟಲಿ ತೆಗೆದಳು. ಅತ್ತೆಯ ಆ ಮುಖ ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಒಲೆ ಆರಿಸುವಷ್ಟರಲ್ಲಿ ಅತ್ತೆಯ ಮಗಳ ಫೋನ್ ಬಂತು.

"ನಿನ್ನಮ್ಮ ಮಾಡುತ್ತಿದ್ದ ಎಣ್ಣೆ ಹೇಗೆ ಮಾರಾಯ್ತಿ? ನನ್ನಮ್ಮ ಕಲಿಸಿದ್ದಲ್ವಾ ಅದು?"

"ಹೂ ತೊಳೆದು ಎಣ್ಣೆಗೆ ಹಾಕಿ ಕಾಯಿಸು" ಎಂದೆ. "ಅಷ್ಟೇ."