ನಾನು ಗಂಧ ಮೆತ್ತಿದ ಹೂವು

ಆಗೆಲ್ಲ ನಮ್ಮ ಕಡೆ ಮದುವೆಯಿಂದ ಹಿಡಿದು ಬೋರು ತೆಗೆಸುವವರೆಗೆ ಯಾವುದನ್ನೂ ಊರಮ್ಮನ ಹತ್ತಿರ ಹೂ ಕೇಳದೆ ಮಾಡುತ್ತಿರಲಿಲ್ಲ. ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಏಳನೇ ಕ್ಲಾಸು ಮುಗಿಸಿದೆ. ಸಿಂಧಘಟ್ಟದ ಆಚೆಗಿನ ನಮ್ಮೂರಿಂದ ಹೆಣ್ಣುಹುಡುಗಿಯನ್ನು ಬಸ್ಸಿನಲ್ಲಿ ಕೆ.ಆರ್. ಪೇಟೆ ಹೈಸ್ಕೂಲಿಗೆ ಕಳಿಸಬೇಕೋ ಬೇಡವೋ ಎಂಬುದನ್ನೂ ತಾತ ಅವಳಿಗೇ ಬಿಟ್ಟರು.

ನನಗೂ ಅವಳ ಮೇಲೆ ನಂಬಿಕೆಯಿತ್ತು, ಸ್ಕೂಲನ್ನೇ ಅವಳ ಕೈಗೆ ಬಿಟ್ಟು ಕೂರುವಷ್ಟಲ್ಲ. ಪೂಜಾರಪ್ಪ ಹೂ ಅಂಟಿಸಿ, ತಾತನನ್ನು ಕರೆಯಲು ಹೊರಗೆ ಹೋದರು. ನಾನು ಹೊಸ್ತಿಲು ದಾಟಿ ಒಳಗೆ ನುಗ್ಗಿದೆ. ಎಡಗಡೆಯ ಹೂ ಬೀಳಲೇಬಾರದೆಂದು ಅದರ ಹಿಂದೆ ಗಂಧ ಮೆತ್ತಿ ಒತ್ತಿದೆ. ಆಮೇಲೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತೆ. "ಬಲಕ್ಕೆ ಕೊಟ್ಬುಟ್ಳು ಕಣ್ಲಾ!" ಎಂದು ತಾತ ಅಪ್ಪನಿಗೆ ಕೂಗಿದ್ದು ಕೇಳಿಸಿತು.

ಸ್ಕೂಲು ಸಿಕ್ಕಿತು, ದೇವರು ಹೋದಳು. ಚಿಟಿಕೆ ಗಂಧಕ್ಕೆ ಸೋಲುವವಳು ಎಂಥ ದೇವರು? ಬಾಯಿ ಬಿಟ್ಟರೆ ಸ್ಕೂಲು ಬಂದ್. ಪ್ರತಿ ಶುಕ್ರವಾರ ಅವ್ವ ಸೀಗೆಕಾಯಿ ಹಾಕಿ ನನ್ನ ತಲೆಗೆ ಎರೆದು, "ಅಮ್ಮ್ನೇ ಓದ್ಸ್ತಾವ್ಳೆ, ಬಗ್ಗಿ ಕೈ ಮುಗಿ" ಎಂದು ಗುಡಿಗೆ ಎಳೆದೊಯ್ಯುತ್ತಿದ್ದಳು. ಪಕ್ಕದ ಮನೆಯವರು ತಮ್ಮ ಮಗುವಿನ ಸ್ಲೇಟಿಗೆ ನನ್ನ ಕೈಯಿಂದಲೇ ಕುಂಕುಮ ಇಡಿಸಿದರು. ಬರೀ ಕಲ್ಲಿಗೆ ಎಲ್ಲರೆದುರು ಕೈ ಮುಗಿಯುತ್ತಿದ್ದೆ. ಎರಡು ವರ್ಷ ಹೀಗೇ ಸಿಕ್ಕಿಹಾಕಿಕೊಂಡಿದ್ದೆ.

ಆಮೇಲೊಮ್ಮೆ ದೊಡ್ಡಪ್ಪ ಬೋರಿಗೆ ಹೂ ಕೇಳಿದರು. ಆ ಸಲ ಕಣ್ಣು ಬಿಟ್ಟುಕೊಂಡೇ ನಿಂತೆ. ಎಡಗಡೆಯ ಹೂ ಬಿತ್ತು. ಪೂಜಾರಪ್ಪ "ಬಲ!" ಎಂದು ಗಂಟೆ ಬಾರಿಸಿದರು.

"ಅದು ಎಡ ಅಲ್ವಾ, ಪೂಜಾರಪ್ಪ?"

"ನಿಂಗೆ ಎಡ ಕಣವ್ವ. ಅವ್ಳು ನಮ್ ಕಡೀಕೆ ಮಕ ಮಾಡ್ಕಂಡು ಕುಂತವ್ಳೆ. ಅವ್ಳ ಬಲವೇ ಲೆಕ್ಕ."

ಅಂದರೆ ನಾನು ಗಂಧ ಮೆತ್ತಿದ್ದು ಬೀಳಬೇಕಾಗಿದ್ದ ಹೂವಿಗೇ! ಕೈಯಾರೆ ಕೆಡಿಸಿಕೊಂಡಿದ್ದೆ, ಆದರೂ ಅವಳು ಅದನ್ನೇ ಉದುರಿಸಿದ್ದಳು. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ದೊಡ್ಡಪ್ಪ ಪಾಪ, ಬೋರಿನ ಖುಷಿಗೆ ಅಳುತ್ತಿದ್ದೇನೆಂದುಕೊಂಡರು. ಆವತ್ತು ಯಾರೂ ಹೇಳದೆ ಕೈ ಮುಗಿದೆ.

ಈಗ ನಾನು ವಿಜ್ಞಾನದ ಟೀಚರು. ಒದ್ದೆ ಗಂಧದ ಭಾರಕ್ಕೆ ಹೂ ಬೇಗ ಜಾರುತ್ತದೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಂಬುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಕಳೆದುಹೋದದ್ದು ಬೇರೆ. ಆಗ ದೇವರಿಗೇ ಮೋಸ ಮಾಡಿಯಾದರೂ ಪಡೆಯಬೇಕೆನ್ನುವಷ್ಟು ಆಸೆಯಿತ್ತು. ಈಗ ದಿನಾ ದೀಪ ಹಚ್ಚಿ ನಿಲ್ಲುತ್ತೇನೆ, ಕೇಳಲು ಏನೂ ತೋಚುವುದಿಲ್ಲ.